ಹಿಂದುಮುಂದಾದ ಸರ

ಶವಪೆಟ್ಟಿಗೆಯನ್ನು ವ್ಯಾನಿನೊಳಗೆ ಅರ್ಧ ತಳ್ಳಿದ್ದರು. ಸತ್ತವಳ ಗಂಡ ಕೈ ಅಡ್ಡ ಹಿಡಿದ.

“ಸ್ವಲ್ಪ ತಡೀರಪ್ಪ. ಗುಬ್ಬಿ ಫೋನ್ ಮಾಡ್ಲಿ.”

ಚಾಲಕ ಪಕ್ಕದ ಮರದ ಕಡೆ ನೋಡಿದ.

“ಅತ್ತಿಗೆಯ ಲ್ಯಾಬಿನ ಹುಡುಗಿ ಕಣಪ್ಪ,” ಎಂದಳು ನಾದಿನಿ. “ಅಣ್ಣಾ, ಪೆಟ್ಟಿಗೆ ಇಟ್ಕೊಂಡು ರಿಸಲ್ಟ್ ಕಾಯೋದು ಎಲ್ಲಾದ್ರೂ ಇದ್ಯಾ?”

“ಅವಳಾಗಿದ್ರೆ ಎದ್ದು ಹೋಗಿ ನೋಡ್ಕೊಂಡು ಬಂದು ಮಲಗ್ತಿದ್ಲು. ತಟ್ಟೇಲಿರೋ ಜೀವಕೋಶಗಳಿಗೆ ಬಣ್ಣ ಹಾಕೋದು ಇವತ್ತೇ ಆಗ್ಬೇಕು. ನಾಳೆ ಅಂದ್ರೆ ಕೋಶಗಳು ತಾವಾಗೇ ಸಾಯ್ತವೆ. ಆಮೇಲೆ ವೈರಸ್ ಕೊಂದಿದ್ದು ಯಾವ್ದು, ಹಂಗೇ ಸತ್ತಿದ್ದು ಯಾವ್ದು, ಗೊತ್ತಾಗಲ್ಲ.”

“ನೀನ್ಯಾವಾಗ ವಿಜ್ಞಾನಿ ಆದೆ?”

“ಊಟಕ್ಕೆ ಕೂತ್ರೆ ಬೇರೆ ಮಾತೇ ಇರ್ಲಿಲ್ಲ ಕಣೇ.”

*

ಅವನ ಹೆಂಡತಿಯ ಕೆಲಸ ಪೋಣಿಸುವುದು. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸಿ ಪೆಪ್ಟೈಡ್ ಎಂಬ ಪುಟ್ಟ ಸರ ಮಾಡುವುದು. ಅದು ವೈರಸ್ಸಿಗೆ ಅಂಟಿಕೊಂಡರೆ ವೈರಸ್ ಜೀವಕೋಶದೊಳಗೆ ನುಗ್ಗಲಾರದು. ಹಾಳೆಯ ಮೇಲೆ ಸರವನ್ನು ತಲೆಯಿಂದ ಬರೆಯುತ್ತಾರೆ. ಯಂತ್ರ ಮಾತ್ರ ಬಾಲದಿಂದ ಪೋಣಿಸುತ್ತದೆ. ಹೊಸಬರು ಎಡವುವುದೇ ಅಲ್ಲಿ. ತಲೆ ನರೆತ ಮೇಲೆ, ಮೊಮ್ಮಗಳಿಗೆ ಹೆಸರು ಹುಡುಕುವ ಗುಂಗಿನಲ್ಲಿ, ಅವಳೂ ಎಡವಿದಳು. ಇಡೀ ಸರ ಹಿಂದುಮುಂದು.

“ಬಿಸಾಕಿ,” ಎಂದರು ಮುಖ್ಯಸ್ಥರು.

“ಬನಿಯನ್ ಉಲ್ಟಾ ಹಾಕ್ಕೊಂಡ್ರೆ ಚಳಿ ತಡಿಯಲ್ವಾ? ಒಂದ್ಸಲ ನೋಡೇಬಿಡೋಣ.”

ಮುಖ್ಯಸ್ಥರಿಗೂ ನಗು ತಡೆಯಲಾಗಲಿಲ್ಲ. ಕೋಶಗಳನ್ನು ಬೆಳೆಸಿದ್ದ ಗುಳಿಗಳ ತಟ್ಟೆಯ ಒಂದು ಸಾಲಿಗೆ ಸರಿಯಾದ ಸರ, ಇನ್ನೊಂದಕ್ಕೆ ಅವಳದ್ದು. ಗುಬ್ಬಿ ಎರಡಕ್ಕೂ ವೈರಸ್ ಹಾಕಿದಳು. ಮರುದಿನ ಲ್ಯಾಬಿನ ಮೆಟ್ಟಿಲಿಳಿಯುವಾಗ ಸರ ಪೋಣಿಸಿದವಳು ಎದೆ ಹಿಡಿದು ಕೂತಳು. ಮತ್ತೆ ಏಳಲಿಲ್ಲ.

*

ಫೋನ್ ಬಂತು. ಗಂಡ ಸ್ಪೀಕರ್ ಹಾಕಿದ.

“ಅಂಕಲ್, ಬಣ್ಣ ತೊಳೆದೆ. ಬದುಕಿರೋ ಕೋಶ ಮಾತ್ರ ನೇರಳೆ ಆಗತ್ತೆ. ಸರಿಯಾದ ಸರದ ಸಾಲು...” ಗುಬ್ಬಿ ತಟ್ಟೆ ತಿರುಗಿಸಿದ ಸದ್ದು ಕೇಳಿತು. “ನೀರಿನ ಹಾಗಿದೆ. ಎಲ್ಲಾ ಸತ್ತಿವೆ.”

“ಇವಳದ್ದು?”

“ಫೋಟೋ ಕಳಿಸಿದ್ದೀನಿ. ನೀವೇ ನೋಡಿ.”

ತಲೆಗಳೆಲ್ಲ ಪುಟ್ಟ ಪರದೆಯ ಮೇಲೆ ಬಾಗಿದವು. ಒಂದರ ಪಕ್ಕ ಒಂದು ಗುಳಿ, ನೇರಳೆ, ಮತ್ತೆ ನೇರಳೆ. ಸರದ ದ್ರಾವಣವನ್ನು ತೀರ ತೆಳು ಮಾಡಿ ಹಾಕಿದ್ದ ತುದಿಯಲ್ಲಿ ಮಾತ್ರ ಮಸುಕು.

“ಇದಿನ್ನೂ ಔಷಧಿ ಅಲ್ಲ ಅಂಕಲ್. ಮತ್ತೆ ಮತ್ತೆ ಮಾಡಿ ನೋಡ್ಬೇಕು. ಆದ್ರೂ... ನೀವು ಹೊರಡಿ, ನಾನು ದಾರೀಲಿ ಬಂದು ಸೇರ್ಕೋತೀನಿ.”

ನಾದಿನಿ ಚಾಲಕನ ತೋಳನ್ನೇ ಹಿಡಿದುಕೊಂಡಿದ್ದಳು. ಅವನು ಬಿಡಿಸಿಕೊಳ್ಳಲಿಲ್ಲ.

“ಅಂದ್ರೆ ಸಾರ್, ತಪ್ಪಾಗಿ ಮಾಡಿದ್ದೇ ಕೆಲಸ ಮಾಡ್ತಾ?”

“ನಮ್ಮನೇಲಿ ಯಾವಾಗ್ಲೂ ಹಂಗೇ. ತಪ್ಪು ಮನೆ ಬಾಗಿಲು ತಟ್ಟಿದ್ದಕ್ಕೇ ಅವಳು ನಂಗೆ ಸಿಕ್ಕಿದ್ದು.” ಗಂಡ ನಕ್ಕ, ನಗುತ್ತಲೇ ಮುಖ ಒರೆಸಿಕೊಂಡ, ಪೆಟ್ಟಿಗೆಯನ್ನು ತಾನೇ ಒಳಗೆ ತಳ್ಳಿದ.

ವ್ಯಾನ್ ನಿಧಾನ ಹೊರಟಿತು. ಹಿಂದೆ ನಡೆದವರು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತ, ಗಾಳಿಯಲ್ಲಿ ಗುಳಿಗಳ ಸಾಲು ಬರೆದು ತೋರಿಸುತ್ತ, ಫೋನನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ತಿರುವಿನಲ್ಲಿ ಗೋಡೆಗೆ ಸುಣ್ಣ ಬಳಿಯುತ್ತಿದ್ದವನು ಪೆಟ್ಟಿಗೆ ಕಂಡು ಟೋಪಿ ತೆಗೆದ. ಆಮೇಲೆ ಅವರ ಅರಳಿದ ಮುಖಗಳನ್ನು ನೋಡಿದ. ಟೋಪಿ ಎದೆಗೂ ತಲೆಗೂ ನಡುವೆ, ಅವನ ಕೈಯಲ್ಲೇ ನಿಂತುಬಿಟ್ಟಿತು.