ಹದಿನಾಲ್ಕನೇ ನಂಬರಿನ ಪಾದ

ಫರೀದಾಬಾದಿನ ಆ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಸುಧೀಂದ್ರನೇ ಮ್ಯಾನೇಜರು. 2004ರ ಟೂರ್ನಿಗೆ ಅವನಿಗೊಬ್ಬ ಎತ್ತರದ ಆಟಗಾರ ಬೇಕಾಗಿದ್ದ. ಮುಖ್ಯ ಸೆಂಟರ್ ದಣಿದಾಗ ಬುಟ್ಟಿಯ ಕೆಳಗೆ ನಿಲ್ಲಬೇಕು, ಆದರೆ ತಂಡಕ್ಕೆ ಖರ್ಚು ತರಬಾರದು.

ಇಬ್ಬರು ಬಂದರು. ಅಪ್ರೆಂಟಿಸ್ ಆಗಿದ್ದ ಮಂಡ್ಯದ ಲೋಹಿತ್ ಆಡುತ್ತಿದ್ದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಜಗ್‌ಬೀರ್ ಕಂಬದ ಹಾಗೆ ನಿಲ್ಲುತ್ತಿದ್ದ, ಅಷ್ಟೇ. ಆದರೆ ಸ್ಟೋರಿನಲ್ಲಿದ್ದ ಹಳೆಯ ಹನ್ನೆರಡನೇ ನಂಬರಿನ ಶೂ ಜಗ್‌ಬೀರನಿಗೆ ಸರಿಹೋಯಿತು. ಲೋಹಿತನ ಪಾದಕ್ಕೆ ಹದಿನಾಲ್ಕು ಬೇಕು. ಅದನ್ನು ಹೊರಗಿನಿಂದ ತರಿಸಬೇಕು, ಅದಕ್ಕಾಗಿ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲಬೇಕು. ದೊಡ್ಡ ಕೆಲಸವೇನಲ್ಲ, ಆದರೂ ಸುಧೀಂದ್ರನಿಗೆ ಬೇಡವಾಗಿತ್ತು. ಜಗ್‌ಬೀರನನ್ನೇ ಆರಿಸಿದ.

ಶೂ ವಿಷಯ ಹೇಳಲು ನಾಚಿಕೆಯಾಗಿ, "ನಿನ್ನ ಎಡಗೈ ಆಟ ಸಾಲದಪ್ಪ," ಎಂದುಬಿಟ್ಟ. ಆ ಕ್ಷಣಕ್ಕೆ ಬಾಯಿಗೆ ಬಂದ ಸುಳ್ಳು. ಲೋಹಿತ್ "ಸರಿ ಸಾರ್" ಎಂದು ಹೋದ.

ಟೂರ್ನಿಯ ಮೊದಲ ಪಂದ್ಯದಲ್ಲೇ ತಂಡ ಮಣ್ಣುಮುಕ್ಕಿತು. ಎರಡು ತಿಂಗಳ ಮೇಲೆ, ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಲೋಹಿತ್ ಮನೆಬಾಗಿಲಿಗೇ ಬಂದ.

"ಸಾರ್, ಐದು ನಿಮಿಷ ಕೋರ್ಟಿಗೆ ಬರ್ತೀರಾ?"

ಸುಧೀಂದ್ರ ಮಫ್ಲರ್ ಸುತ್ತಿಕೊಂಡು ಹೊರಟ. ಕೋರ್ಟಿನಲ್ಲಿ ಲೋಹಿತ್ ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಎಡಗೈಯೊಂದರಿಂದಲೇ ಚೆಂಡು ಎಸೆಯತೊಡಗಿದ. ಹತ್ತಕ್ಕೆ ಹತ್ತೂ ಬುಟ್ಟಿಗೆ ಬಿದ್ದವು.

"ಈಗ ಪರವಾಗಿಲ್ವಾ ಸಾರ್?" ಎಂದು ನಗುತ್ತಾ ಕೇಳಿದ.

ಸುಧೀಂದ್ರನಿಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿದರೆ, ಕೊರೆಯುವ ಸಿಮೆಂಟಿನ ಮೇಲೆ ಹಿಮ್ಮಡಿ ಬಿರಿದು ನಿಂತ ಆ ಎರಡು ಬರಿಗಾಲು.