ಗೊಂಬೆ ಮದುವೆಯ ಕುಂಕುಮ

ಗಂಡ ತೀರಿಕೊಂಡ ಮೇಲೆ ವರ್ಷ ತುಂಬುವವರೆಗೆ ಹೆಂಗಸು ಹೊಸಿಲು ದಾಟಬಾರದೆಂಬುದು ಲಕ್ಕಮ್ಮನ ಮನೆತನದ ಕಟ್ಟಳೆ. ಕೊಡಿಗೇಹಳ್ಳಿಯ ಆ ಮನೆಯಲ್ಲಿ ಮುದುಕಿಯ ಪಾಲಿಗೆ ಉಳಿದದ್ದು ಒಂದು ಕತ್ತಲೆ ಕೋಣೆ, ಒಂದು ಚಾಪೆ, ಒಂದು ಕಿಟಕಿ. ಕಿಟಕಿಯಿಂದ ಆಂಜನೇಯನ ಗುಡಿಯ ದೀಪ ಕಾಣುತ್ತಿತ್ತು. ಅದಕ್ಕೆ ಕೈಮುಗಿದಾದ ಮೇಲೆ ಗೋಡೆ ನೋಡುತ್ತ ಕೂರುವುದೇ ಕೆಲಸ. ಜಕ್ಕೂರಿನ ಕಡೆಯಿಂದ ಪುಟ್ಟ ವಿಮಾನ ಹಾರಿಬಂದರೆ ಸದ್ದಷ್ಟೇ ಅವಳದು. ಆಕಾಶ ಆ ಕಿಟಕಿಗೆ ಸಿಗುತ್ತಿರಲಿಲ್ಲ.

ಹೀಗಿರುವಾಗ ಪಕ್ಕದ ಮನೆಯ ಹಬೀಬುಲ್ಲಾನ ಮಕ್ಕಳಾದ ದಿಲ್ಶಾದ್, ಅಕ್ಬರಿ ಕಿಟಕಿಯ ಕೆಳಗೆ ಆಟ ಹೂಡಿದರು. ದೊಡ್ಡವಳಿಗೇ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಲಕ್ಕಮ್ಮ ಹಳೆಯ ಸೀರೆಯ ಚೂರಿನಿಂದ ಗೊಂಬೆ ಕಟ್ಟಿ ಕಂಬಿಯ ಸಂದಿನಿಂದ ಕೊಟ್ಟಳು. ಊರಿನ ಮದುವೆಗಳನ್ನು ಇಣುಕಿ ನೋಡಿದ್ದ ಮಕ್ಕಳು ಗೊಂಬೆಗೂ ಮದುವೆ ಮಾಡಿದರು. ಅಕ್ಬರಿ ಇಟ್ಟಿಗೆಯ ಪುಡಿ ಹಿಡಿದು ಕಿಟಕಿಯ ಬುಡದ ಕಲ್ಲು ಹತ್ತಿದಳು.

"ಅಜ್ಜೀ, ಕುಂಕುಮ ಇಟ್ಕೋ."

"ನಾನು ಇಟ್ಕೋಬಾರ್ದು ಕಣವ್ವ."

"ಇಟ್ಕೊಳ್ದಿದ್ರೆ ಪಾಯಸ ಇಲ್ಲ," ಎಂದಳು ದಿಲ್ಶಾದ್, ಬೀಗಿತ್ತಿಯ ಗತ್ತಿನಲ್ಲಿ.

ಲಕ್ಕಮ್ಮನಿಗೆ ನಗು ಬಂತು. ಗಂಡ ಹೋದಂದಿನಿಂದ ಬಾರದ ನಗು. ಕಂಬಿಗೆ ಹಣೆಯೊಡ್ಡಿದಳು. ಪುಟ್ಟ ಬೆರಳು ಹಣೆಯ ತುಂಬ ಬಳಿಯಿತು.

ಅನ್ನದ ತಟ್ಟೆ ತಂದ ವಾರಗಿತ್ತಿ ಗೌರಮ್ಮ ಬಾಗಿಲಲ್ಲೇ ನಿಂತಳು.

"ಅಕ್ಕಯ್ಯ, ಅಣೆ ಮೇಲೆ ಏನದು?"

"ಇಟ್ಟಿಗೆ ಪುಡಿ ಕಣೇ."

"ನೋಡ್ದೋರು ಇಟ್ಟಿಗೆ ಅಂತಾರಾ?"

ಸಂಜೆ ಮೈದುನ ಚಿಕ್ಕಹನುಮಯ್ಯ ಕಿಟಕಿ ಮುಚ್ಚಲು ಹಲಗೆ, ಮೊಳೆ ತಂದ. ಕೆಟ್ಟವನಲ್ಲ, ತಲೆ ತಗ್ಗಿಸಿಯೇ ಮಾತಾಡಿದ. "ಅತ್ತಿಗೆ, ಬರಬ್ಯಾಡಿ ಅಂತ ಆ ಐಕಳಿಗೆ ನೀವೇ ಒಂದು ಮಾತು ಯೋಳಿ. ಕಿಟಕಿ ಅಂಗೇ ಇರ್ಲಿ. ಗುಡಿ ದೀಪನಾದ್ರೂ ಕಾಣ್ತದೆ."

ಹೊರಗೆ ಎರಡು ಜೊತೆ ಕೈಗಳು ಕಂಬಿ ಹಿಡಿದು ಕಾಯುತ್ತಿದ್ದವು. ಲಕ್ಕಮ್ಮ ದೂರದ ದೀಪವನ್ನು ಬಹಳ ಹೊತ್ತು ನೋಡಿದಳು. ಕೈಮುಗಿದಳು.

"ಮೊಳೆ ಒಡಿಯಪ್ಪ. ಆ ಮಾತು ನನ್ ಬಾಯಲ್ಲಿ ಬರಾಕಿಲ್ಲ."

ದೀಪ ಹೋಯಿತು. ಗಾಳಿಯೂ ನಿಂತಿತು. ಬೆಳಕು ಹರಿದದ್ದು ಅವಳಿಗೆ ಕೋಳಿಯ ಕೂಗಿನಿಂದ ತಿಳಿಯಿತು.

ಹಲಗೆಯ ಕೆಳಗೆ ಬೆರಳಗಲದ ಸಂದು ಉಳಿದಿತ್ತು. ಅದರೊಳಗಿನಿಂದ ಕೆಂಪು ಮೆತ್ತಿದ ಬೆರಳೊಂದು ತಡವರಿಸುತ್ತ ಬಂತು.

"ಅಜ್ಜೀ, ಹಣೆ ಎಲ್ಲಿ?"

ಲಕ್ಕಮ್ಮ ಮೊಣಕಾಲೂರಿ ಬಗ್ಗಿದಳು.

"ಇಲ್ಲೈತೆ ಕಣವ್ವ."