ಗೋಣಿಚೀಲ ದಾಟಿದ ಹೊಳೆ

“ಈಜೋಕೆ ಬಾರದ ಪ್ರಾಣಿ ಹೊಳೆ ದಾಟಿದ್ದು ಹೇಗೆ ಅಂತೀನಿ, ಅಜ್ಜಿ?” ಮಾಟೆ ಕಷಾಯದ ಸೋರೆಬುರುಡೆಯನ್ನು ಹಿಂದಕ್ಕೆ ಕೊಡುತ್ತ ನೋರ್ಮಾ ಕೇಳಿದಳು.

ಅಜ್ಜಿ ಕ್ರಿಸಾಂತಾ ಅದಕ್ಕೆ ಮತ್ತೆ ಬಿಸಿನೀರು ಹೊಯ್ದಳು. ಮರಳುದಿಬ್ಬದ ಮೇಲಿನ ಅವಳ ಗುಡಿಸಲಿನ ಸುತ್ತ ತುಕು-ತುಕು ಇಲಿಗಳ ಬಿಲಗಳೇ. ಎರಡು ವರ್ಷದಿಂದ ನೋರ್ಮಾ ಈ ಬಿಲದ ಇಲಿಗಳ ರಕ್ತ ತೆಗೆದು ಪರೀಕ್ಷೆಗೆಂದು ಕೊರಿಯೆಂತೆಸ್ ನಗರಕ್ಕೆ ಒಯ್ಯುತ್ತಿದ್ದಳು. ದಿಬ್ಬಕ್ಕೊಂದು ಕುಲ ಎನ್ನುವುದು ಅವಳ ನಂಬಿಕೆ. ಈ ದಿಬ್ಬದ್ದು ಬೇರೆಯದೇ ಕುಲವಾದರೆ ಅದನ್ನು ಕಾಪಾಡಲು ಸರ್ಕಾರ ಬೇಲಿ ಹಾಕುತ್ತದೆ. ಅಲ್ಲದಿದ್ದರೆ ಪೈನ್ ಮರ ನೆಡುವವರು ಬರುತ್ತಾರೆ, ಗುಡಿಸಲೂ ಏಳಬೇಕು. ಈಗ ರಕ್ತ ನೋಡಿದರೆ ಆಚೆ ದಡದವೂ ಇವುಗಳ ಒಡಹುಟ್ಟುಗಳಂತೆ!

“ಯಾರಾದ್ರೂ ಸಾಗಿಸಿದ್ರಾ?”

ಹಾಳು ನೆನಪು ಆಗಲೇ ಬರಬೇಕೆ! ಮೂವತ್ತು ವರ್ಷದ ಹಿಂದೆ, ಈಸ್ಟರಿಗೆ ಮುಂಚಿನ ಪವಿತ್ರ ವಾರ. ಮರಗೆಣಸಿನ ಹೊಲ ಹಾಳುಮಾಡುತ್ತಿದ್ದ ಏಳೆಂಟನ್ನು ಗಂಡ ಎಲಿಜಿಯೊ ಹಿಡಿದಿದ್ದ. ಆ ವಾರ ರಕ್ತ ಹರಿಸುವಂತಿಲ್ಲ, ಕತ್ತಿಯನ್ನೂ ಮುಟ್ಟುವಂತಿಲ್ಲ. ಗೋಣಿಚೀಲಕ್ಕೆ ತುಂಬಿ, ದೋಣಿಯಲ್ಲಿ ಹೊಳೆ ದಾಟಿಸಿ ಬಿಟ್ಟಿದ್ದರು.

ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎರಡು ವರ್ಷ ಮರಳಲ್ಲಿ ಮಂಡಿಯೂರಿ ಕೂತ ಹುಡುಗಿಗೆ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

“ನಾವೇ ಕಣೆ. ನಾನು, ನನ್ನ ಗಂಡ.”

ಬರೆದುಕೊಳ್ಳುತ್ತಿದ್ದ ನೋರ್ಮಾಳ ಪೆನ್ನು ನಿಂತಿತು. “ಇಲ್ಲಿಂದ ಅಲ್ಲಿಗೋ, ಅಲ್ಲಿಂದ ಇಲ್ಲಿಗೋ?”

“ಆಗ ಎರಡೂ ಕಡೆ ಹೊಲ ಇತ್ತಲ್ಲೇ. ನಿನ್ನ ರಕ್ತ ಹೇಳಲ್ವಾ?”

“ರಕ್ತ ನೆಂಟಸ್ತನ ಹೇಳುತ್ತೆ, ಯಾರು ಯಾರ ಮನೆಗೆ ಬಂದ್ರು ಅಂತ ಹೇಳಲ್ಲ. ಇಲ್ಲಿಂದ ಹೋದವಾದ್ರೆ ದಿಬ್ಬ ಉಳಿಯುತ್ತೆ. ಅಲ್ಲಿಂದ ಬಂದವಾದ್ರೆ ಇಲ್ಲಿ ಕಾಪಾಡೋಕೆ ಏನೂ ಇಲ್ಲ. ಸರಿಯಾಗಿ ನೆನಪು ಮಾಡ್ಕೊಳ್ಳಿ.”

“ಹೋಗುವಾಗ ಬಿಸಿಲು ಕಣ್ಣಿಗೇ ಹೊಡೀತಿತ್ತು. ಚೀಲ ನನ್ನ ತೊಡೆ ಮೇಲೆ ಕುಣೀತಿತ್ತು. ಅವನು ಬಿದ್ದು ಬಿದ್ದು ನಗ್ತಿದ್ದ.”

“ಬೆಳಗ್ಗೆಯೋ, ಸಂಜೆಯೋ?”

ಕ್ರಿಸಾಂತಾಳ ತಲೆ ಕೆಟ್ಟುಹೋಯಿತು. ಆಚೆ ದಡ ಇರುವುದು ಮೂಡಣಕ್ಕೆ. ಬೆಳಗಾದರೆ ಮುಖ ಮೂಡಣಕ್ಕೆ, ಅಂದರೆ ಇಲ್ಲಿಂದ ಆಚೆಗೆ. ಸಂಜೆಯಾದರೆ ಆಚೆಯಿಂದ ಇಲ್ಲಿಗೆ. ಎಲಿಜಿಯೊನ ನಗು ಕಣ್ಣಿಗೆ ಕಟ್ಟಿದಂತಿತ್ತು, ಅವನ ಮುರಿದ ಹಲ್ಲು ಕೂಡ. ಹೊತ್ತು ಮಾತ್ರ ಹೊಳೆಯಲೊಲ್ಲದು. ಕೇಳೋಣವೆಂದರೆ ಅವನು ಮಣ್ಣಾಗಿ ಒಂಬತ್ತು ವರ್ಷ. ಅವಳಿಗೆ ಅಳುವೇ ಬಂತು.

ಮೂಲೆಯಲ್ಲಿದ್ದ ಗೋಣಿಚೀಲವೊಂದನ್ನು ಎತ್ತಿಕೊಂಡು ಹೊಳೆಗಿಳಿದಳು. ದಡದಲ್ಲಿದ್ದ ಹಳೆಯ ದೋಣಿಯಲ್ಲಿ ಮೂಡಣಕ್ಕೆ ಮುಖಮಾಡಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ನೋರ್ಮಾ ಹಿಂದೆಯೇ ಬಂದು ದಡದಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಅಜ್ಜಿ ಎದ್ದು, ತಿರುಗಿ, ಪಡುವಣಕ್ಕೆ ಕೂತಳು.

ಸೂರ್ಯ ನೆತ್ತಿಯ ಮೇಲಿದ್ದ. ದಿಬ್ಬದೊಳಗಿಂದ ತುಕು-ತುಕು ಎಂದು ಸದ್ದು ಬರುತ್ತಿತ್ತು, ಆಚೆ ದಡದಿಂದಲೂ.